ಅತ್ತೆಯ ಕಣ್ಣು ತೆರೆಸಿದ ಪೇಂಟರ್ ಕಾಕಾ

ಹೋದ ವಾರ ಮೊಮ್ಮಗಳ ಹೆಸರಿಗೆ ಉದ್ದನೆಯ ರಟ್ಟಿನ ಡಬ್ಬಿಯೊಂದು ಬಂತು. ಬಿಚ್ಚಿದರೆ ಒಳಗೆ ನುಣ್ಣಗಿನ ಕಟ್ಟಿಗೆ, ಮೂರು ಕಾಲು, ಒಂದು ಹಿಡಿ ಸ್ಕ್ರೂ, ಜೊತೆಗೆ ಎರಡು ಸಣ್ಣ ಶೀಶೆ. ನಾನು ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಆಕೆ ಶೀಶೆಯ ಮುಚ್ಚಳ ತೆಗೆದಳೋ ಇಲ್ಲವೋ, ಅಗಸೆ ಎಣ್ಣೆಯ ವಾಸನೆ ಬಂತು. ಅಗಸೆ ಚಟ್ನಿಪುಡಿಗೆ ಹುರಿಯುವಾಗಿನ ಘಮವಲ್ಲ, ಹಸಿ ಎಣ್ಣೆಯ ಮಂಕು ವಾಸನೆ. ಅದರ ಬೆನ್ನಿಗೇ ಮೂಗು ಸುಡುವ ಟರ್ಪೆಂಟೈನು. ಈ ಎರಡೂ ಜೊತೆಯಾಗಿ ನನ್ನ ಮೂಗಿಗೆ ಬಂದು ಎಷ್ಟು ವರ್ಷವಾಯಿತೋ... ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದೆ.

ಆಕೆ ಆ ಮೂರು ಕಾಲಿನ ಸ್ಟ್ಯಾಂಡನ್ನು ಕಿಟಕಿಗೆ ಎದುರಾಗಿ ನಿಲ್ಲಿಸಿ, ಬೋರ್ಡನ್ನು ಹಿಂದಕ್ಕೆ ವಾಲಿಸಿದ್ದಳು. ಬೆಳಕು ಬಿದ್ದು ಬೋರ್ಡು ತಗಡಿನ ಹಾಗೆ ಹೊಳೆಯುತ್ತಿತ್ತು.

“ಹಂಗ ಇಟ್ರ ನಿನಗ ಬಣ್ಣ ಕಾಣಂಗಿಲ್ಲ, ಬರೇ ಹೊಳಪು ಕಾಣತೈತಿ. ಮುಂದಕ್ಕ ಬಾಗ್ಸು. ಕಿಟಕಿ ಎಡಗಡಿ ಬರ್ಲಿ,” ಎಂದೆ.

“ಅಜ್ಜಿ, ಈಸೆಲ್ ಬಗ್ಗೆ ನಿನಗ ಯಾರು ಹೇಳಿಕೊಟ್ರು?”

“ಹೇಳಿಕೊಟ್ಟೋರು ಹೋದ್ರು,” ಎಂದು ಒಳಗೆ ಹೋದೆ. ಆವತ್ತು ಎರಡು ರೊಟ್ಟಿ ಹೊತ್ತಿದವು.

ನಾನು ಕೊಳಗಲ್ಲಿನವಳು. ನಾಲ್ಕನೇ ಕ್ಲಾಸಿಗೇ ಸಾಲಿ ಬಿಡಿಸಿದರು. ಹದಿನೆಂಟಕ್ಕೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ವಠಾರಕ್ಕೆ ಸೊಸೆಯಾಗಿ ಬಂದೆ. ಐದು ಮನೆ, ಒಂದು ಅಂಗಳ, ಒಂದು ನಳ. ನಳದ ಎದುರಿನ ಕೋಣೆಯಲ್ಲಿ ಪೇಂಟರ್ ಕಾಕಾ ಇದ್ದರು. ಕುರುಗೋಡಿನವರು, ಒಂಟಿ ಮನುಷ್ಯ. ಮದುವೆ ಯಾಕಾಗಲಿಲ್ಲ ಎಂದು ವಠಾರದ ಹೆಂಗಸರು ತಮ್ಮತಮ್ಮಲ್ಲೇ ನಾಲ್ಕೈದು ಕಾರಣ ಹುಟ್ಟಿಸಿಕೊಂಡಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ.

ಅವರ ಕೋಣೆಗೆ ಉತ್ತರಕ್ಕೊಂದು ಕಿಟಕಿ, ಅಂಗಳದ ಕಡೆಗೆ ಒಂದು ಬಾಗಿಲು. ಕಿಟಕಿಯ ಬೆಳಕು ಎಡಗಡೆಯಿಂದ ಬರುವ ಹಾಗೆ ಅವರು ಬಾಗಿಲಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನಡುವೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಚಿತ್ರ. ಹಾಗಾಗಿ ನಳದ ಹತ್ತಿರ ಪಾತ್ರೆ ತಿಕ್ಕಲು ಕೂತ ನಮಗೆ ಕಾಣುತ್ತಿದ್ದುದು ಬೋರ್ಡಿನ ಬೆನ್ನು, ಅದರ ಕೆಳಗೆ ಮೂರು ಕಟ್ಟಿಗೆಯ ಕಾಲು, ಆ ಮೂರರ ನಡುವೆ ಅವರ ಎರಡು ಬರಿಗಾಲು. ಒಟ್ಟು ಐದು ಕಾಲಿನ ಪ್ರಾಣಿ ಎಂದು ನಾವು ನಗುತ್ತಿದ್ದೆವು. ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಗಿತ್ತು, ಸಣ್ಣವರಿದ್ದಾಗ ಕುರುಗೋಡಿನ ಗುಡ್ಡದಲ್ಲಿ ಕಲ್ಲು ಬಿದ್ದದ್ದಂತೆ. ಒಡೆದ ಹಿಮ್ಮಡಿಯ ಸೀಳುಗಳಲ್ಲಿ ನೀಲಿ ಬಣ್ಣ ಸೇರಿಕೊಂಡು ಗಟ್ಟಿಯಾಗಿತ್ತು. ಕೆಲಸ ಸುಸೂತ್ರವಾಗಿ ಸಾಗಿದರೆ ಎಡಗಾಲಿನ ಹೆಬ್ಬೆರಳು ನೆಲಕ್ಕೆ ತಾಳ ಹಾಕುತ್ತಿತ್ತು. ಕೈ ಓಡದಿದ್ದರೆ ಒಂದು ಪಾದ ಇನ್ನೊಂದನ್ನು ತಿಕ್ಕುತ್ತಿತ್ತು. ಅವರ ದಿನ ಹೇಗಿದೆ ಎಂದು ತಿಳಿಯಲು ನಾನು ತಲೆ ಎತ್ತಬೇಕಾಗಿರಲಿಲ್ಲ.

ಅವರ ಕಸುಬು ಸತ್ತವರ ಚಿತ್ರ ಬರೆಯುವುದು. ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸುತ್ತಾರೆ, ಹಣೆ ತುಂಬ ವಿಭೂತಿ ಹಚ್ಚುತ್ತಾರೆ, ಹೂವಿನ ಹಾರ ಹಾಕುತ್ತಾರೆ. ಆಗೆಲ್ಲ ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳುವ ರೂಢಿ ಕಡಿಮೆ, ಹೆಂಗಸರಿಗಂತೂ ಇರಲೇ ಇಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಸ್ಟುಡಿಯೋದವರನ್ನು ಕರೆಸಿ ಆ ಕೂರಿಸಿದ ದೇಹದ ಫೋಟೋ ತೆಗೆಸುತ್ತಿದ್ದರು. ಎಷ್ಟೋ ಹೆಂಗಸರಿಗೆ ಮೊದಲನೇ ಫೋಟೋ ಅದೇ, ಕೊನೆಯದೂ ಅದೇ. ಆದರೆ ಕಣ್ಣು ಮುಚ್ಚಿದ ಮುಖವನ್ನು ಗೋಡೆಗೆ ಹಾಕುವುದು ಹೇಗೆ? ಅದಕ್ಕೇ ಸಿರುಗುಪ್ಪದಿಂದ, ಕುರುಗೋಡಿನಿಂದ, ಸುತ್ತಿನ ಹಳ್ಳಿಗಳಿಂದ ಜನ ಆ ಫೋಟೋ ಹಿಡಿದು ಕಾಕಾನ ಬಾಗಿಲಿಗೆ ಬರುತ್ತಿದ್ದರು. “ಚಿತ್ರ ಬರೆದು ಕೊಡ್ರಿ” ಎನ್ನುತ್ತಿರಲಿಲ್ಲ. “ಕಣ್ಣು ತೆರೆಸಿ ಕೊಡ್ರಿ” ಎನ್ನುತ್ತಿದ್ದರು.

ಸ್ಟ್ಯಾಂಡನ್ನು ಅವರು ನೋಡಿಕೊಳ್ಳುತ್ತಿದ್ದ ರೀತಿ ನೋಡಿದರೆ ನಗು ಬರುತ್ತಿತ್ತು. ತೇಗದ ಕಟ್ಟಿಗೆ, ಮುಂದಿನ ಎರಡು ಕಾಲುಗಳಿಗೆ ಉದ್ದಕ್ಕೂ ತೂತು, ತೂತಿಗೆ ಸಿಕ್ಕಿಸುವ ಗೂಟ, ಗೂಟದ ಮೇಲೆ ಅಡ್ಡಪಟ್ಟಿ. ಚಿತ್ರ ಆ ಪಟ್ಟಿಯ ಮೇಲೆ ಕೂರುತ್ತಿತ್ತು. ಹಿಂದಿನ ಕಾಲಿಗೆ ಹಗ್ಗ. ಬಂಡೆಗಲ್ಲಿನ ನೆಲದ ಮೇಲೆ ಜಾರದಂತೆ ಮೂರೂ ಕಾಲಿಗೆ ಗೋಣಿತಾಟಿನ ಟೋಪಿ. ಚಿತ್ರದ ತಲೆ ಯಾವಾಗಲೂ ತುಸು ಮುಂದಕ್ಕೆ ಬಾಗಿರಬೇಕು. ಹಾಗಿದ್ದರೆ ಹಸಿ ಬಣ್ಣದ ಮೇಲೆ ಬಳ್ಳಾರಿಯ ಧೂಳು ಕೂರುವುದಿಲ್ಲ, ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ. ಕೈ ನಡುಗದಿರಲೆಂದು ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಕೋಲೊಂದನ್ನು ಅಡ್ಡ ಹಿಡಿದು, ಅದರ ಮೇಲೆ ಮಣಿಕಟ್ಟು ಇಟ್ಟು ಬರೆಯುತ್ತಿದ್ದರು. ಎಲ್ಲಕ್ಕಿಂತ ಮುಖ್ಯ, ಕಣ್ಣು ಬರೆಯುವ ದಿನ ಗೂಟ ಬದಲಿಸುತ್ತಿದ್ದರು. ಚಿತ್ರದ ಕಣ್ಣು ಅವರ ಕಣ್ಣಿನ ನೇರಕ್ಕೆ ಬರುವವರೆಗೆ ಮೇಲೆ ಕೆಳಗೆ ಮಾಡುತ್ತಿದ್ದರು.

“ಮ್ಯಾಲಿಂದ ನೋಡಿ ಬರದ್ರ ಸತ್ತೋರು ಸಣ್ಣೋರಾಗ್ತಾರ, ಕೆಳಗಿಂದ ನೋಡಿ ಬರದ್ರ ದೇವ್ರಾಗ್ತಾರ. ಎರಡೂ ಬ್ಯಾಡ. ಎದುರಾಬದುರ ನಿಂತು ಮಾತಾಡೋ ಎತ್ತರ ಇರಬೇಕು,” ಎಂದು ಒಮ್ಮೆ ಹೇಳಿದ್ದರು. ನಾನು ಚಹಾ ಕೊಟ್ಟು ಬರಲು ಹೋಗಿದ್ದೆ. “ಚಾ ಆರತೈತಿ, ಕುಡೀರಿ” ಎಂದು ಬಂದೆ.

ಇನ್ನು ನಮ್ಮತ್ತೆಯ ವಿಷಯ. ಸತ್ತವರನ್ನು ಹೊಗಳುವ ಪದ್ಧತಿ ನನಗೆ ಬರುವುದಿಲ್ಲ. ಕರೂರಿನ ಹೆಣ್ಣು, ನನಗೂ ಆಕೆಗೂ ಒಂದು ದಿನವೂ ಹೊಂದಲಿಲ್ಲ. ನಾನು ಅಕ್ಕಿ ತೊಳೆದರೆ ನೀರಿನಲ್ಲಿ ಎಷ್ಟು ಕಾಳು ಹೋಯಿತು ಎಂದು ನೋಡುತ್ತಿದ್ದಳು. ಮಾತು ಕಡಿಮೆ, ನೋಟ ಜಾಸ್ತಿ. ಬೆನ್ನು ತಿರುಗಿಸಿ ಕೂತಿದ್ದರೂ ಆ ನೋಟ ನನಗೆ ಬೆನ್ನಿನ ಮೇಲೆ ಗೊತ್ತಾಗುತ್ತಿತ್ತು. ನಾನು ಬಂದ ಆರನೇ ವರ್ಷದ ಬೇಸಿಗೆಯಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ನನಗೆ ಅಳು ಬರಲಿಲ್ಲ ಎಂದರೆ ಬರಲಿಲ್ಲ. ಅಡುಗೆ ನೀರು ನೋಡಿಕೊಳ್ಳುವವರು ಯಾರೋ ಒಬ್ಬರು ಬೇಕಲ್ಲ, ಅದನ್ನು ನೋಡಿಕೊಂಡೆ.

ಆಕೆಯನ್ನೂ ಕೂರಿಸಿದರು, ಫೋಟೋ ತೆಗೆಸಿದರು. ನಮ್ಮ ಮನೆಯವರು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು, ತಾಯಿ ಎಂದರೆ ಜೀವ. ಹನ್ನೊಂದನೇ ದಿನದ ಶಿವಗಣಾರಾಧನೆಗೆ ಚಿತ್ರ ಆಗಲೇಬೇಕು ಎಂದು ಹಟ ಹಿಡಿದರು. ಬಣ್ಣ ಆರುವುದಿಲ್ಲ ಎಂದು ಕಾಕಾ ಹೇಳಿ ನೋಡಿದರು. ಕೊನೆಗೆ ಒಪ್ಪಿಕೊಂಡರು. ಎದುರು ಕೋಣೆಯಲ್ಲಿ ಅತ್ತೆ ಸ್ಟ್ಯಾಂಡು ಏರಿದಳು. ನಾನು ನಳದ ಹತ್ತಿರ ಪಾತ್ರೆ ತಿಕ್ಕುತ್ತಿದ್ದೆ. ಪಾದ ಪಾದವನ್ನು ತಿಕ್ಕುತ್ತಿತ್ತು.

“ಕಣ್ಣು ಹೆಂಗಿದ್ವಪಾ ನಿಮ್ಮವ್ವಂದು?” ಎಂದು ಕಾಕಾ ನಮ್ಮ ಮನೆಯವರನ್ನು ಕೇಳಿದ್ದು ಕೇಳಿಸಿತು.

“ದೊಡ್ಡ ಕಣ್ಣು ಕಾಕಾ. ತಂಪು ಕಣ್ಣು. ದೇವಿ ಕಣ್ಣು ಇದ್ದಂಗ,” ಎಂದರು ಇವರು.

ದಿನಾ ಅದೇ ಮುಖದ ಎದುರು ಉಂಡ ಮನುಷ್ಯ.

ಒಂಬತ್ತನೇ ದಿನ ಬೆಳಿಗ್ಗೆ ಕಾಕಾ ನಮ್ಮನ್ನೆಲ್ಲ ಕರೆದು ತೋರಿಸಿದರು. ಹಣೆ ಅತ್ತೆಯದೇ, ಮೂಗು ಅತ್ತೆಯದೇ, ತುಟಿಯ ಬಿಗಿ ಅತ್ತೆಯದೇ. ಕಣ್ಣು ಮಾತ್ರ ಯಾವುದೋ ಪುಣ್ಯವಂತೆಯದು. ಅಗಲವಾಗಿ, ತಿಳಿಯಾಗಿ, ಎಲ್ಲರನ್ನೂ ಕ್ಷಮಿಸಿದ ಹಾಗೆ ನೋಡುತ್ತಿತ್ತು. ನಮ್ಮ ಮನೆಯವರು ಕೈ ಮುಗಿದು ಅತ್ತರು. ವಠಾರದವರೆಲ್ಲ ಜೀವಕಳೆ ಬಂತು ಎಂದರು. ನಾನು ಸುಮ್ಮನೆ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಒಳಗೊಳಗೆ ನಿರಾಳವಾಗಿತ್ತು ಎಂದೇ ಹೇಳಬೇಕು. ಪಡಸಾಲೆಯ ಗೋಡೆಯ ಮೇಲೆ ಈ ಹೆಂಗಸು ಕೂತರೆ ನಾನು ಅಕ್ಕಿ ತೊಳೆದ ನೀರನ್ನು ಯಾರೂ ನೋಡುವುದಿಲ್ಲ. ನನ್ನ ಬೆನ್ನಿಗೆ ಬಿಡುವು.

ಎಲ್ಲರೂ ಹೋದ ಮೇಲೆ ಲೋಟ ತರಲು ಹೋದೆ. ಕಾಕಾ ಚಿತ್ರವನ್ನು ತಲೆಕೆಳಗು ಮಾಡಿ ಸ್ಟ್ಯಾಂಡಿನ ಮೇಲೆ ಇಟ್ಟಿದ್ದರು. ಅತ್ತೆಯ ತಲೆ ಕೆಳಗೆ, ಕೊರಳು ಮೇಲೆ.

“ಇದೇನ್ರಿ, ಸತ್ತೋರ್ನ ಹಿಂಗ ತೂಗುಹಾಕಿರಿ?” ಎಂದೆ.

“ನೆಟ್ಟಗಿದ್ರ ಅತ್ತಿ ಕಾಣ್ತಾಳ, ಮರ್ಯಾದಿ ಅಡ್ಡ ಬರ್ತೈತಿ. ಈಗ ಬರೇ ಗೆರಿ ಅದಾವ. ಈಗರೆ ಹೇಳವಾ, ಎಲ್ಲಿ ತಪ್ಪೈತಿ?”

“ನನಗೇನ್ ಗೊತ್ರಿ?”

“ಅಳೋರು ಅತ್ರು, ಹೊಗಳೋರು ಹೊಗಳಿದ್ರು. ನೀ ಒಬ್ಬಾಕಿ ಪಾತ್ರಿ ಕೊಳ್ಳಾಕ ನಿಂತಂಗ ನಿಂತಿದ್ದಿ. ಗೊತ್ತಿಲ್ದಾಕಿ ಹಂಗ ನಿಂದ್ರಂಗಿಲ್ಲ.”

ನಾನು ಹೇಳಿದೆ. ಬಲಗಣ್ಣು ಸರಿ ಇತ್ತು, ಆದರೆ ಅಷ್ಟು ದೊಡ್ಡದಲ್ಲ. ಎಡಗಣ್ಣು ಸಣ್ಣದು. ಹುಡುಗಿಯಾಗಿದ್ದಾಗ ಕರೂರಿನಲ್ಲಿ ಭತ್ತ ತೂರುವಾಗ ಹೊಟ್ಟು ಬಿದ್ದು ಕೆಟ್ಟಿತ್ತಂತೆ, ರೆಪ್ಪೆ ಅರ್ಧ ಜೋತು ಬಿದ್ದಿತ್ತು. ಏನನ್ನಾದರೂ ನೋಡಬೇಕಾದರೆ ಆ ಕಣ್ಣನ್ನು ಇನ್ನೂ ಕಿರಿದು ಮಾಡುತ್ತಿದ್ದಳು, ಸೂಜಿಗೆ ದಾರ ಪೋಣಿಸುವವರ ಹಾಗೆ. ಗುಡ್ಡೆ ಕಪ್ಪಲ್ಲ, ಹುಣಸೆಬೀಜದ ಬಣ್ಣ. ಕೆಳಗಿನ ರೆಪ್ಪೆಯ ಒಳಗೆ ಸದಾ ಒಂಚೂರು ನೀರು. ನಾನು ನಿಲ್ಲಿಸದೆ ಹೇಳಿದೆ. ಅಷ್ಟೆಲ್ಲ ನನಗೆ ಗೊತ್ತಿತ್ತು ಎನ್ನುವುದು ಹೇಳುವವರೆಗೆ ನನಗೇ ಗೊತ್ತಿರಲಿಲ್ಲ.

“ಸಿಟ್ಟು ಬಂದಾಗಷ್ಟ ಹಂಗ ನೋಡ್ತಿದ್ಲೇನು?”

ಹೌದು ಎನ್ನಲು ಬಾಯಿ ತೆರೆದೆ. ಆಮೇಲೆ... “ಇಲ್ರಿ. ನನ್ನ ಮಗಳು ಹುಟ್ಟಿದಾಗ ತೊಟ್ಲಾಗ ಬಗ್ಗಿ ಹಂಗ ನೋಡಿದ್ಲು. ಭಾಳ ಹೊತ್ತು,” ಎಂದೆ.

“ಇಷ್ಟು ಗೊತ್ತಿದ್ದು ಬೆಳಿಗ್ಗೆ ಯಾಕ ಸುಮ್ನಿದ್ದಿ?”

“ಗ್ವಾಡಿ ಮ್ಯಾಲೆ ಕುಂತು ದಿನಾ ನೋಡಾಕಿ ನನ್ನನ್ರಿ. ನಿಮ್ಮನ್ನಲ್ಲ.”

ಅವರು ನಕ್ಕರು. ಚಿತ್ರವನ್ನು ನೆಟ್ಟಗೆ ಮಾಡಿದರು. “ಖರೇ ಐತಿ. ಹಂಗಾರ ನೀನ ಹೇಳು. ಇದ್ದಂಗ ಇರ್ಲಿ ಅಂದ್ರ ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ನಿನ್ನ ಗಂಡಗ ಇದ ಹಿಡಿಸೈತಿ. ಅಳಸು ಅಂದ್ರ ಇವತ್ತ ಅಳಸ್ತೀನಿ, ಬಣ್ಣ ಇನ್ನಾ ಹಸಿ ಐತಿ. ನಾಳಿಗೆ ಆಗಂಗಿಲ್ಲ.”

ಲೋಟ ತೆಗೆದುಕೊಂಡು ಮನೆಗೆ ಬಂದೆ. ಒಲೆ ಹಚ್ಚಿದೆ. ರೊಟ್ಟಿ ಬಡಿಯುತ್ತಾ ಯೋಚನೆ ಮಾಡಿದೆ. ಇನ್ನು ಮೇಲೆ ಆ ಗೋಡೆಗೆ ಊದಿನಕಡ್ಡಿ ಹಚ್ಚುವವಳು ನಾನು, ಹೂವು ಏರಿಸುವವಳು ನಾನು, ಧೂಳು ಒರೆಸುವವಳು ನಾನು. ಇವರು ವರ್ಷಕ್ಕೊಮ್ಮೆ ಕೈ ಮುಗಿದಾರು. ಆರು ವರ್ಷ ಗುದ್ದಾಡಿದ್ದು ಒಬ್ಬಳ ಜೊತೆ, ಸಾಯುವವರೆಗೆ ಸೇವೆ ಮಾಡುವುದು ಇನ್ನೊಬ್ಬಳಿಗೆ? ಏಳನೇ ರೊಟ್ಟಿಗೆ ಎದ್ದು ಹೋದೆ. ಬಾಗಿಲ ಹೊರಗೇ ನಿಂತು ಆ ಮೂರು ಕಾಲಿನ ನಡುವಿನ ಪಾದಗಳಿಗೆ ಹೇಳಿದೆ.

“ಅಳಸ್ರಿ ಕಾಕಾ. ಗುರುತಿಲ್ದ ಹೆಂಗಸಿಗೆ ದಿನಾ ಊದಿನಕಡ್ಡಿ ಹಚ್ಚಾಕ ನನ್ನ ಕೈಲಿ ಆಗಂಗಿಲ್ಲ.”

ಬೋರ್ಡಿನ ಹಿಂದಿನಿಂದ ಟರ್ಪೆಂಟೈನಿನ ವಾಸನೆ ಬಂತು. ಆಮೇಲೆ ಗೂಟ ಕಿತ್ತು ಇನ್ನೊಂದು ತೂತಿಗೆ ಬಡಿದ ಸದ್ದು.

ಹನ್ನೊಂದನೇ ದಿನ ಚಿತ್ರ ಹಸಿಯಾಗಿದ್ದರಿಂದ ಗೋಡೆಗೆ ಹಾಕುವಂತಿರಲಿಲ್ಲ. ಕಾಕಾ ಸ್ಟ್ಯಾಂಡನ್ನೇ ಹೊತ್ತು ತಂದು ಪಡಸಾಲೆಯಲ್ಲಿ ನಿಲ್ಲಿಸಿದರು. ಬಂದವರೆಲ್ಲ ನೆಲದ ಮೇಲೆ ಕೂರುತ್ತಾರೆಂದು ಗೂಟ ಕೆಳಗಿಳಿಸಿದರು. ಕೂತವರ ಕಣ್ಣಿನ ನೇರಕ್ಕೆ ಅತ್ತೆ ಬಂದು ಕೂತಳು, ಎಡಗಣ್ಣು ಕಿರಿದು ಮಾಡಿಕೊಂಡು. ಹೊದಿಸಿದ್ದ ಬಟ್ಟೆ ತೆಗೆದಾಗ ನಮ್ಮ ಮನೆಯವರು ಎದ್ದು ನಿಂತರು.

“ಇದೇನ್ ಕಾಕಾ, ಮೊನ್ನಿ ಇದು ಇರ್ಲಿಲ್ಲ. ನಮ್ಮವ್ವ ಹಿಂಗ ಎಲ್ಲಿ ಇದ್ಲು?”

ನಾನು ಹೇಳಿದ್ದೆಂದು ಗೊತ್ತಾದರೆ ಸತ್ತ ತಾಯಿಯ ಮೇಲೆ ಹಗೆ ತೀರಿಸಿಕೊಂಡಳು ಎನ್ನದೆ ಬಿಡುತ್ತಿದ್ದರೇ? ಕಾಕಾ ನನ್ನ ಕಡೆ ತಿರುಗಲಿಲ್ಲ. “ನಂಗ ಹಿಂಗ ಕಂಡ್ಲಪ್ಪ,” ಎಂದರು ಅಷ್ಟೇ.

ಅಷ್ಟರಲ್ಲಿ ಸಿರುಗುಪ್ಪದ ಬಸ್ಸು ಇಳಿದು ನಾದಿನಿ ಬಂದಳು. ಹೊಸ್ತಿಲು ದಾಟಿ ಸ್ಟ್ಯಾಂಡಿನ ಕಡೆ ನೋಡಿದವಳೇ ಅಲ್ಲೇ ಕುಸಿದಳು. “ಯವ್ವಾ, ತಡಾ ಆತು, ಬೈಬ್ಯಾಡ. ಬಸ್ ಸಿಗಲಿಲ್ಲ,” ಎಂದಳು ಚಿತ್ರಕ್ಕೆ. ಆಮೇಲೆ ತಾನು ಯಾರಿಗೆ ಹೇಳುತ್ತಿದ್ದೇನೆ ಎನ್ನುವುದು ಅರಿವಿಗೆ ಬಂದು ಗೋಳೋ ಎಂದಳು. ಎದ್ದು ಹೋಗಿ ಅವ್ವನ ಗದ್ದ ಮುಟ್ಟಿದಳು. ಬೆರಳಿಗೆ ಬಣ್ಣ ಹತ್ತಿತು. ಆ ಬೆರಳಿನ ಗುರುತು ಇವತ್ತಿಗೂ ಗದ್ದದ ಕೆಳಗೆ ಇದೆ. ಊಟಕ್ಕೆ ಕೂತಾಗ ನಮ್ಮ ಮನೆಯವರು ತಟ್ಟೆ ಎತ್ತಿಕೊಂಡು ಸ್ಟ್ಯಾಂಡಿನ ಮಗ್ಗುಲಿಗೆ ಹೋದರು. ಬದುಕಿದ್ದಷ್ಟು ಕಾಲವೂ ಅವರು ಆ ಚಿತ್ರಕ್ಕೆ ಎದುರಾಗಿ ಕೂತು ಉಣ್ಣಲಿಲ್ಲ, ಅನ್ನ ಬಿಟ್ಟರೆ ಅವ್ವ ನೋಡುತ್ತಾಳಂತೆ.

ಅಲ್ಲಿಂದ ಕಾಕಾನ ಕೆಲಸದ ರೀತಿ ಬದಲಾಯಿತು. ಯಾರಾದರೂ ತಾಯಿಯ ಫೋಟೋ ತಂದರೆ ಕೂರಿಸಿ ನೀರು ಕೊಡುತ್ತಿದ್ದರು, ಮಗ ಹೇಳಿದ್ದನ್ನೆಲ್ಲ ಕೇಳುತ್ತಿದ್ದರು, ಕೊನೆಗೆ, “ಆತಪಾ, ನಾಳಿಗೆ ಸೊಸೀನ ಕಳಸು,” ಎನ್ನುತ್ತಿದ್ದರು. ಗಂಡಸರಿಗೆ ಅರ್ಥವಾಗುತ್ತಿರಲಿಲ್ಲ. ಆಂಧ್ರದ ಕಡೆಯ ಹಳ್ಳಿಯವನೊಬ್ಬ ಬರೀ ಗೆರೆ ಎಳೆದಿದ್ದ ಬೋರ್ಡು ನೋಡಿಯೇ “ಅಚ್ಚಂ ಮಾ ಅಮ್ಮೇ”, ಥೇಟು ನಮ್ಮವ್ವನೇ, ಎಂದು ತೆಲುಗಿನಲ್ಲಿ ಅತ್ತಿದ್ದ. ಅದು ಅವನ ಅಮ್ಮನದಲ್ಲ, ಬೇರೆ ಯಾರದೋ ಅಜ್ಜನದು.

ಸೊಸೆಯರು ಬರುತ್ತಿದ್ದರು, ಆದರೆ ಪರಗಂಡಸಿನ ಮುಂದೆ ಅತ್ತೆಯ ಬಗ್ಗೆ ಬಾಯಿ ಬಿಡುವುದುಂಟೇ? ಸೆರಗು ಹಲ್ಲಿಗೆ ಕಚ್ಚಿಕೊಂಡು ಕೂರುತ್ತಿದ್ದರು. ಅದಕ್ಕೆ ಕಾಕಾ ನನ್ನನ್ನು ಕರೆಯತೊಡಗಿದರು. ನಾನು ಬಾಗಿಲ ಹತ್ತಿರ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಾ ಮಾತಿಗೆ ಎಳೆಯುತ್ತಿದ್ದೆ. ಅವರು ಬೋರ್ಡಿನ ಆಚೆ ಇಲ್ಲದವರ ಹಾಗೆ ನಿಂತಿರುತ್ತಿದ್ದರು. ನಮ್ಮತ್ತೆ ಹೀಗಿದ್ದಳು ಎಂದು ನಾನು ಮೊದಲು ನಾಲ್ಕು ಬೈದರೆ ಸಾಕು, ಅವರ ಬಾಯಿ ಬಿಚ್ಚುತ್ತಿತ್ತು. ಕುರುಗೋಡಿನ ಒಬ್ಬ ಸೊಸೆ ಅರ್ಧ ದಿನ ಮೂಕಿಯಾಗಿದ್ದವಳು ಕಡೆಗೆ ಹೇಳಿದಳು: “ಆಕಿ ನೋಡಿದ್ರ ನನ್ನ ಸೆರಗು ಜಾರೇತೇನೋ ಅನಸ್ತಿತ್ರಿ ಅಕ್ಕಾ. ನೋಡ್ಕೊಂಡ್ರ ಸರೀನ ಇರ್ತಿತ್ತು.” ಬೋರ್ಡಿನ ಕೆಳಗೆ ಎಡಗಾಲಿನ ಹೆಬ್ಬೆರಳು ತಾಳ ಹಾಕಿತು. ಆ ಕಣ್ಣು ಅವತ್ತೇ ತೆರೆಯಿತು.

ಹೀಗೆ ಇಪ್ಪತ್ತು ವರ್ಷದ ಮೇಲೆಯೇ ನಡೆಯಿತು. ಆಮೇಲೆ ಪೇಟೆಯಲ್ಲಿ ಕಂಪ್ಯೂಟರಿನ ಅಂಗಡಿಗಳು ಬಂದವು. ಚಹಾ ಕುಡಿದು ಬರುವುದರೊಳಗೆ ಕಣ್ಣು ತೆರೆಸಿ ಕೊಡುತ್ತಿದ್ದರು, ಎಲ್ಲರಿಗೂ ಒಂದೇ ನಮೂನೆಯ ಕಣ್ಣು. ಕಾಕಾನ ಕೈಯೂ ನಡುಗತೊಡಗಿತ್ತು, ಕೋಲು ಆಸರೆ ಕೊಟ್ಟರೂ ನಿಲ್ಲುತ್ತಿರಲಿಲ್ಲ. ಕುರುಗೋಡಿನಿಂದ ತಂಗಿ ಬಂದು ಕರೆದುಕೊಂಡು ಹೋದಳು. ಹೋಗುವಾಗ ಸ್ಟ್ಯಾಂಡನ್ನು ನಮ್ಮ ಮನೆಯ ಗೋಡೆಗೆ ಆನಿಸಿ, “ನಿನ್ನ ಹತ್ರ ಇರ್ಲವಾ. ಏನರೆ ಬೇಕಾಗತೈತಿ,” ಎಂದರು. ಏನು ಬೇಕಾಗುತ್ತದೆ? ಹಿತ್ತಿಲಲ್ಲಿ ನಿಲ್ಲಿಸಿ ಹೀರೇಬಳ್ಳಿ ಹಬ್ಬಿಸಿದೆ. ಎರಡು ವರ್ಷ ಚೆನ್ನಾಗಿ ಕಾಯಿ ಬಿಟ್ಟಿತು. ಮೂರನೇ ವರ್ಷ ಗೆದ್ದಲು ಹಿಡಿದು ಮುರಿಯಿತು. ಉಳಿದದ್ದು ನೀರೊಲೆಗೆ ಹೋಯಿತು. ಈಗ ಹೇಳಲು ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಅವರು ತೀರಿಕೊಂಡ ಸುದ್ದಿ ತಡವಾಗಿ ಬಂತು. ನಾವು ಕುರುಗೋಡಿನ ಬಸ್ಸು ಹತ್ತಿ ಹೋಗುವುದರೊಳಗೆ ಎಲ್ಲ ಮುಗಿದಿತ್ತು. ತಂಗಿಯ ಮನೆಯ ಗೋಡೆ ನೋಡಿದೆ. ಅವರಪ್ಪನ ಚಿತ್ರ ಇತ್ತು, ಅವ್ವನದಿತ್ತು, ಎರಡೂ ಕಾಕಾ ಬರೆದದ್ದು. ಅವರದು ಇರಲಿಲ್ಲ. ಫೋಟೋದವರನ್ನು ಕರೆಸಬೇಕೆಂದು ಯಾರಿಗೂ ಹೊಳೆಯಲೇ ಇಲ್ಲವಂತೆ.

ಇದನ್ನೆಲ್ಲ ಮೊಮ್ಮಗಳಿಗೆ ಮೂರು ದಿನದಲ್ಲಿ ಅಷ್ಟಷ್ಟೇ ಹೇಳಿದೆ. ನಿನ್ನೆ ಆಕೆ ಈಸೆಲನ್ನು ಕಿಟಕಿ ಎಡಗಡೆ ಬರುವಂತೆ ತಿರುಗಿಸಿ, ಬೋರ್ಡನ್ನು ಮುಂದಕ್ಕೆ ಬಾಗಿಸಿ, ಪೆನ್ಸಿಲ್ ಹಿಡಿದು ನನ್ನ ಮುಂದೆ ಕೂತಳು.

“ಆ ಕಾಕಾನ್ನ ಬರೀತೀನಿ ಅಜ್ಜಿ. ನೀ ಹೇಳು. ಕಣ್ಣು ಹೆಂಗಿದ್ವು?”

ಅಷ್ಟು ವರ್ಷ ಎದುರು ಬಾಗಿಲಲ್ಲಿದ್ದವರು. ಪರಗಂಡಸಿನ ಮುಖ ದಿಟ್ಟಿಸಿ ನೋಡುವ ಕಾಲವಲ್ಲ ಅದು. ಒಳಗೆ ಹೋದರೂ ನಾನು ನೋಡುತ್ತಿದ್ದುದು ಚಿತ್ರವನ್ನು. ಕಪ್ಪೋ, ಕಂದೋ, ಹುಬ್ಬು ದಟ್ಟವೋ ತೆಳುವೋ... ಊರಿನ ಎಲ್ಲ ಸತ್ತವರ ಕಣ್ಣು ಕೇಳಿ ತಿಳಿದುಕೊಂಡವರ ಕಣ್ಣನ್ನು ಯಾರೂ ಕೇಳಿರಲಿಲ್ಲ.

“ಕಣ್ಣು ಗೊತ್ತಿಲ್ಲವಾ,” ಎಂದೆ. “ಕಾಲು ಕೇಳು, ಹೇಳ್ತೀನಿ.”

ಆಕೆ ನನ್ನ ಮುಖ ನೋಡಿದಳು. ಆಮೇಲೆ ಎದ್ದು ಬೋರ್ಡನ್ನು ತೀರಾ ಕೆಳಗಿಳಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಕೂತಳು. ನಾನು ಹೇಳಿದೆ, ಬಲಗಾಲಿನ ಕಪ್ಪು ಉಗುರು, ಹಿಮ್ಮಡಿಯ ಸೀಳಿನ ನೀಲಿ, ತಾಳ ಹಾಕುವ ಎಡಗಾಲಿನ ಹೆಬ್ಬೆರಳು. ಸಂಜೆಯ ಹೊತ್ತಿಗೆ ಕಾಗದದ ಮೇಲೆ ಮೂರು ಕಟ್ಟಿಗೆಯ ಕಾಲು, ನಡುವೆ ಎರಡು ಬರಿಯ ಪಾದ ಬಂದು ನಿಂತವು. ಅವರವೇ.

ಎದುರು ಗೋಡೆಯಿಂದ ಅತ್ತೆ ಎಡಗಣ್ಣು ಕಿರಿದು ಮಾಡಿ ಅದನ್ನೇ ನೋಡುತ್ತಿದ್ದಳು. ಆಕೆ ಕಾಕಾನನ್ನು ನೆಟ್ಟಗೆ ನೋಡಿದ್ದಾಳೆ, ಕಣ್ಣು ತೆರೆದ ಮೇಲೆ ಅವರ ಸ್ಟ್ಯಾಂಡಿನಲ್ಲಿ ಎರಡು ದಿನ, ಒಂದೇ ಎತ್ತರದಿಂದ. ನಾನು ನೋಡಲಿಲ್ಲ.